ನೀಲಿ ಎಂಜಿಬಿ ಮತ್ತು ಅಪ್ಪನ ಒಂಬತ್ತರ ಲೆಕ್ಕ

ಎಂಜಿ ಕಾರು ತಗೊಂಡೆ ಅಂತ ಅರಸೀಕೆರೆಗೆ ಫೋನ್ ಮಾಡಿದಾಗ ಅಣ್ಣ ಮೊದಲು ಕೇಳಿದ್ದು, "ಹೆಕ್ಟರಾ?" ಅಂತ. 2019ರಿಂದ ಈಚೆಗೆ ನಮ್ಮ ಕಡೆ ಎಂಜಿ ಅಂದರೆ ಹೆಕ್ಟರ್ ತಾನೇ. ಆದರೆ ಆ ಎಂಟು ಮೂಲೆಯ ಗುರುತು ಹುಟ್ಟಿದ್ದು ಸುಮಾರು ನೂರು ವರ್ಷದ ಹಿಂದೆ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ, ಮಾರಿಸ್ ಗ್ಯಾರೇಜಸ್ ಅನ್ನೋ ಕಾರು ಮಾರುವ ಅಂಗಡಿಯಲ್ಲಿ. ನಾನು ತಗೊಂಡಿದ್ದು 1972ರ ಎಂಜಿಬಿ ರೋಡ್‌ಸ್ಟರ್. ಎರಡೇ ಸೀಟು, ಮಡಚಿ ಇಡುವ ಟಾಪು, ತಂತಿ ಸ್ಪೋಕ್ಸಿನ ಚಕ್ರ.

ಕೆಲಸಕ್ಕಾಗಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಮೊದಲ ಬೇಸಿಗೆಯಿಂದಲೂ ಇಂಥದ್ದೊಂದು ಬೇಕು ಅಂತ ಆಸೆ. ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಹಳ್ಳಿ ದಾರಿಯಲ್ಲಿ ಟಾಪು ಮಡಚಿಕೊಂಡು ಹೋಗುವ ಹಳೇ ಕಾರುಗಳನ್ನು ನೋಡಿದರೆ ನಿಂತುಬಿಡುತ್ತಿದ್ದೆ. ಮೊದಲ ಹಳೇ ಕಾರು ಎಂಜಿಬಿಯೇ ಆಗಲಿ ಅಂತ ಗಟ್ಟಿ ಮಾಡಿಕೊಳ್ಳಲು ಕಾರಣ ಬಿಡಿಭಾಗಗಳು. 1962ರಿಂದ 1980ರವರೆಗೆ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಜಾಸ್ತಿ ಎಂಜಿಬಿ ತಯಾರಾದವು. ಹಾಗಾಗಿ ಒಂದು ಸ್ಕ್ರೂನಿಂದ ಹಿಡಿದು ಹೆಚ್ಚುಕಡಿಮೆ ಎಲ್ಲವೂ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಪೂರ್ತಿ ಬಾಡಿಯನ್ನೇ ಹಳೇ ಅಚ್ಚುಗಳಿಂದ 1988ರಿಂದ ಮತ್ತೆ ಮಾಡತೊಡಗಿದರು. ಇನ್ನೊಂದು ಅನುಕೂಲ, 40 ವರ್ಷ ದಾಟಿದ ಗಾಡಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ, ವರ್ಷ ವರ್ಷ ತಪಾಸಣೆಯ ಕಡ್ಡಾಯವೂ ಇಲ್ಲ. ಕಡ್ಡಾಯ ಇಲ್ಲದಿದ್ದರೂ ನಾನು ಮಾಡಿಸುತ್ತೇನೆ. ಬ್ರೇಕಿನ ವಿಷಯದಲ್ಲಿ ನಮ್ಮ ಕಣ್ಣೊಂದನ್ನೇ ನಂಬಬಾರದು.

ಮೊದಲು ನೋಡಿದ್ದು ಕಡು ಹಸಿರಿನ ಒಂದು ಕಾರು. ಹೊಸ ಪೇಂಟು, ಮಿರಮಿರ ಮಿಂಚುತ್ತಿತ್ತು. ಜೇಬಿನಿಂದ ಆಯಸ್ಕಾಂತ ತೆಗೆದು ಬಾಗಿಲ ಕೆಳಗೆ ಹಿಡಿದರೆ ಅಂಟಲೇ ಇಲ್ಲ. ತಗಡು ಇರಬೇಕಾದ ಕಡೆ ಪುಟ್ಟಿ ಮೆತ್ತಿದ್ದರು. ಸುಮ್ನೆ ನಮಸ್ಕಾರ ಹೇಳಿ ಬಂದೆ.

ಬಾಗಿಲ ಕೆಳಗಿನ ಆ ಭಾಗಕ್ಕೆ ಸಿಲ್ ಅಂತಾರೆ. ಎಂಜಿಬಿಗೆ ಬೇರೆ ಛಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಮೇಲೆ ಕಬ್ಬಿಣದ ಚಾವಣಿಯೂ ಇಲ್ಲದ ಕಾರಿನಲ್ಲಿ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡುವುದು ಮುಖ್ಯವಾಗಿ ಈ ಸಿಲ್ಲುಗಳೇ. ಒಳಗೊಂದು, ಹೊರಗೊಂದು, ನಡುವೆ ಒಂದು ಅಂತ ಮೂರು ಪದರ ತಗಡು. ನೀರು ಸೇರಿದರೆ ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಪರೀಕ್ಷೆ ಸುಲಭ. ಕಾರನ್ನು ಪಕ್ಕದಿಂದ ಜಾಕ್ ಹಾಕಿ ಎತ್ತಿ. ಸಿಲ್ ಗಟ್ಟಿಯಿದ್ದರೆ ಬಾಗಿಲ ಸಂದು ಇದ್ದ ಹಾಗೇ ಇರುತ್ತದೆ. ಕೊಳೆತಿದ್ದರೆ ಸಂದು ಮುಚ್ಚಿಕೊಂಡು ಬಾಗಿಲು ಸಿಕ್ಕಿಕೊಳ್ಳುತ್ತದೆ.

ಸೈರೆನ್ಸೆಸ್ಟರ್ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಕಾರು ಸಿಕ್ಕಿತು. ಮಾರುವವರು ನಿವೃತ್ತ ಮೇಷ್ಟ್ರು. ಬಣ್ಣ ಟೀಲ್ ಬ್ಲೂ, ನೀಲಿಯೂ ಅಲ್ಲ ಹಸಿರೂ ಅಲ್ಲ. ಪೇಂಟು ಅಲ್ಲಲ್ಲಿ ಮಾಸಿತ್ತು, ಸೀಟಿನ ಹೊಲಿಗೆ ಬಿಟ್ಟಿತ್ತು. ಆದರೆ ಸಿಲ್ ಬದಲಾಯಿಸಿದ ವೆಲ್ಡಿಂಗ್ ಕೆಲಸದ ಫೋಟೋಗಳನ್ನು ಅವರು ಫೈಲು ಮಾಡಿ ಇಟ್ಟಿದ್ದರು. ನಾನು ಜಾಕ್ ಕೇಳಿದಾಗ ಬೇಜಾರು ಮಾಡಿಕೊಳ್ಳದೆ ತಾವೇ ತಂದುಕೊಟ್ಟರು. ಬಾಗಿಲು ಸಲೀಸಾಗಿ ತೆರೆಯಿತು, ಮುಚ್ಚಿತು.

ಆಮೇಲೆ ಬಾನೆಟ್ ಎತ್ತಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಅರಸೀಕೆರೆ ಸ್ಟೇಷನ್ನಿನಿಂದ ಬೇಲೂರು, ಹಳೇಬೀಡಿಗೆ ಟ್ಯಾಕ್ಸಿ ಓಡಿಸಿದವರು. ಪೆಟ್ರೋಲ್ ಅಂಬಾಸಿಡರ್. ಅದರ ಬಾನೆಟ್ಟಿನ ಪಕ್ಕ ಟಾರ್ಚು ಹಿಡಿದು ನಿಂತೇ ನಾನು ಬೆಳೆದಿದ್ದು. ಅಪ್ಪ ಫೋನಿಗೆ ಮುಖ ಹತ್ತಿರ ತಂದು ನೋಡಿದರು. "ಇದು ನಮ್ಮ ಗಾಡಿ ಇಂಜಿನ್ ಅಲ್ವೇನಮ್ಮ?" ಅಂದರು.

ನಿಜವಾಗಿಯೂ ಹೌದು. ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಕಾರು. ಅದಕ್ಕೆ ಬಹುಕಾಲ ಕೂರಿಸುತ್ತಿದ್ದ 1489 ಸಿಸಿ ಪೆಟ್ರೋಲ್ ಇಂಜಿನ್ನು ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್. ಎಂಜಿಬಿಯದೂ ಅದೇ ಬಿ-ಸೀರೀಸ್. ಇಲ್ಲಿ 1798 ಸಿಸಿ, ಎಸ್‌ಯು ಕಂಪನಿಯ ಕಾರ್ಬುರೇಟರ್ ಎರಡು. ಒಂದೇ ಮನೆತನದ ಇಂಜಿನ್ನು ಅಲ್ಲಿ ಮದುವೆ ದಿಬ್ಬಣ ಹೊತ್ತಿತು, ಇಲ್ಲಿ ಸ್ಪೋರ್ಟ್ಸ್ ಕಾರಾಯಿತು. "ಸ್ಟಾರ್ಟ್ ಮಾಡು, ಸದ್ದು ಕೇಳಿಸು" ಅಂದರು ಅಪ್ಪ. ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಎಷ್ಟಿದೆ ಅಂತ ಕೇಳಿದರು. ಓಡುವಾಗ 60ರ ಹತ್ತಿರ, ನಿಂತಾಗ 20. "ಒಳ್ಳೇ ಇಂಜಿನ್ನು. ಟ್ಯಾಪೆಟ್ ಸ್ವಲ್ಪ ಲೂಸಿದೆ. ತಗೊಳ್ಳಮ್ಮ." ಟ್ಯಾಪೆಟ್ ಲೂಸು ಅಂದರೆ ವಾಲ್ವಿನ ಸಂದು ಜಾಸ್ತಿಯಾಗಿ ಟಕಟಕ ಅನ್ನುವುದು. ತಗೊಂಡೆ.

ಮನೆಗೆ ತರುವಾಗ ಮೋಟರ್‌ವೇ ಬಿಟ್ಟು ಫೇರ್‌ಫರ್ಡ್, ಲೆಚ್‌ಲೇಡ್ ಕಡೆಯ ಹಳೇ ದಾರಿ ಹಿಡಿದೆ. ಟಾಪು ಇಳಿಸಿದ್ದೆ. ಹೊಲದ ವಾಸನೆ, ಇಂಜಿನ್ನಿನ ಬಿಸಿ ಎಣ್ಣೆಯ ವಾಸನೆ ಎರಡೂ ಒಟ್ಟಿಗೆ ಬರುತ್ತಿತ್ತು. ಫಾರಿಂಗ್ಡನ್ ಹತ್ತಿರ ಕಾರು ಜಗ್ಗಿ ಜಗ್ಗಿ ನಿಂತಿತು. ಮತ್ತೆ ಅಪ್ಪನಿಗೇ ಫೋನು. "ಗಾಬರಿ ಬೇಡ. ಕರೆಂಟು ಬರ್ತಿಲ್ಲ, ಇಲ್ಲ ಪೆಟ್ರೋಲು ಬರ್ತಿಲ್ಲ. ಎರಡರಲ್ಲಿ ಒಂದು, ಅಷ್ಟೇ. ಯಾವುದು ನೋಡು" ಅಂದರು. ಆಗ ಮೇಷ್ಟ್ರು ಹೇಳಿದ್ದು ನೆನಪಾಯಿತು. ಈ ಕಾರಿನ ಪೆಟ್ರೋಲ್ ಪಂಪು ಕರೆಂಟಿನದು, ಬಲಗಡೆ ಹಿಂಚಕ್ರದ ಹತ್ತಿರ ಇದೆ. ಕೀ ತಿರುಗಿಸಿದ ಕೂಡಲೇ ಟಿಕ್ ಟಿಕ್ ಅನ್ನಬೇಕು. ತಿರುಗಿಸಿದೆ. ಸದ್ದಿಲ್ಲ. ಸ್ಪೋಕ್ಸ್ ಚಕ್ರದ ನಟ್ ಬಿಚ್ಚಲು ಡಿಕ್ಕಿಯಲ್ಲಿ ಒಂದು ತಾಮ್ರದ ಸುತ್ತಿಗೆ ಇರುತ್ತದೆ. ಅದರ ಹಿಡಿಯಿಂದ ಪಂಪಿಗೆ ಮೆಲ್ಲಗೆ ತಟ್ಟಿದೆ. ಟಿಕ್ ಟಿಕ್ ಟಿಕ್! ಫೋನಿನಲ್ಲಿ ಅಪ್ಪನಿಗೂ ಕೇಳಿಸಿತು. "ಹೊರಡು ಹೊರಡು, ಆಫ್ ಮಾಡಬೇಡ" ಅಂದರು. ಪಂಪಿನೊಳಗೆ ಕರೆಂಟು ಕೊಟ್ಟು ಬಿಡುವ ಪಾಯಿಂಟ್ಸ್ ಸುಟ್ಟಿದ್ದವು. ಈಗ ಪಾಯಿಂಟ್ಸ್ ಇಲ್ಲದ ಎಲೆಕ್ಟ್ರಾನಿಕ್ ಪಂಪು ಹಾಕಿಸಿದ್ದೇನೆ, ಅದೂ ಹಾಗೇ ಟಿಕ್ ಟಿಕ್ ಅನ್ನುತ್ತದೆ.

ಆಫ್ ಮಾಡಬೇಡ ಅಂದಿದ್ದರಿಂದ ಅಬಿಂಗ್ಡನ್‌ಗೆ ಸುತ್ತು ಹಾಕಿ ಹೋದರೂ ಇಳಿಯಲಿಲ್ಲ. 1980ರ ಅಕ್ಟೋಬರಿನಲ್ಲಿ ಕಾರ್ಖಾನೆ ಮುಚ್ಚಿತು. ಪಕ್ಕದ ಸೆಮೆಟರಿ ರೋಡಿನಲ್ಲಿ ಎಂಜಿ ಕಾರ್ ಕ್ಲಬ್ಬಿನ ಕಚೇರಿ ಇದೆ. ಅದರ ಮುಂದೆ ನಿಧಾನವಾಗಿ ಹೋದೆ. ಹುಟ್ಟಿದೂರಿನ ಬೀದಿಯಲ್ಲಿ ಒಂದು ಸಲ ಓಡಿಸಬೇಕು ಅನ್ನಿಸಿತ್ತು, ಓಡಿಸಿದೆ.

ಇನ್ನು ಕಾರನ್ನು ನನ್ನದು ಮಾಡಿಕೊಳ್ಳುವ ಕೆಲಸ. ಇದರಲ್ಲಿ ನನ್ನದೊಂದು ನಿಯಮ ಇದೆ, ಅದರ ಬಗ್ಗೆ ಜಗಳಕ್ಕೂ ಸಿದ್ಧ. ಮುಂದಿನವರು ಬಿಚ್ಚಿ ಮೊದಲಿನಂತೆ ಮಾಡಲಾಗದ ಯಾವ ಬದಲಾವಣೆಯೂ ಬೇಡ. ಡ್ಯಾಶ್‌ಬೋರ್ಡಿಗೆ ತೂತು ಕೊರೆಯುವುದು ಬೇಡ, ಬಾಡಿ ಕತ್ತರಿಸುವುದು ಬೇಡ. ಐವತ್ತು ವರ್ಷ ಬೇರೆ ಬೇರೆ ಜನ ಜೋಪಾನ ಮಾಡಿದ್ದಕ್ಕೆ ತಾನೇ ನನ್ನ ಕೈಗೆ ಬಂದಿದ್ದು?

ಬಣ್ಣ ಬದಲಿಸುವ ಮನಸ್ಸು ಸ್ವಲ್ಪ ಇತ್ತು. ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮಿಗೆ ದುಡ್ಡು ಕಟ್ಟಿದರೆ ಕಾರ್ಖಾನೆಯ ಹಳೇ ದಾಖಲೆ ನೋಡಿ ಒಂದು ಪ್ರಮಾಣಪತ್ರ ಕೊಡುತ್ತಾರೆ. ಕಾರು ಯಾವ ದಿನ ತಯಾರಾಯಿತು, ಮೊದಲ ಬಣ್ಣ ಯಾವುದು ಅಂತೆಲ್ಲ. ನನ್ನದರಲ್ಲಿ ಟೀಲ್ ಬ್ಲೂ ಅಂತಲೇ ಬಂತು. ಅಲ್ಲಿಗೆ ಆ ಯೋಚನೆ ಬಿಟ್ಟೆ. ಕಪ್ಪು ಹಲಗೆಯ ಮೇಲೆ ಬೆಳ್ಳಿ ಅಕ್ಷರದ ನಂಬರ್ ಪ್ಲೇಟ್ ಹಾಕಿಸಿದೆ. 1980ಕ್ಕೆ ಮೊದಲಿನ ಹಳೇ ಗಾಡಿಗಳಿಗೆ ಇಲ್ಲಿ ಅದಕ್ಕೆ ಅವಕಾಶ ಇದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಕುಳ್ಳಿ. ಎಂಜಿಬಿಯ ಸೀಟು ನೆಲಕ್ಕೆ ಅಂಟಿದಷ್ಟು ಕೆಳಗಿದೆ. ಕೂತರೆ ಸ್ಟಿಯರಿಂಗಿನ ಸಂದಿನಿಂದ ರಸ್ತೆ ನೋಡಬೇಕು. ಸೀಟು ಬಿಚ್ಚಿದಾಗ ಕಂಡಿದ್ದು, ಅದರ ಹಳಿಗಳ ಕೆಳಗೆ ಕಾರ್ಖಾನೆಯವರೇ ಮರದ ಪಟ್ಟಿ ಇಟ್ಟಿದ್ದಾರೆ! ಅದೇ ಅಳತೆಗೆ ದಪ್ಪ ಪಟ್ಟಿ ಕುಯ್ಯಿಸಿ, ಹಿಂದಿನ ತುದಿ ಸ್ವಲ್ಪ ಎತ್ತರ ಇಟ್ಟು, ಉದ್ದದ ಬೋಲ್ಟ್ ಹಾಕಿದೆ. ಈಗ ಬಾನೆಟ್ಟಿನ ತುದಿಯವರೆಗೂ ಕಾಣುತ್ತದೆ, ಕ್ಲಚ್ ಪೂರ್ತಿ ಒತ್ತಲು ಕಾಲು ಚಾಚಬೇಕಿಲ್ಲ. ಹಳೇ ಪಟ್ಟಿಗಳನ್ನು ಎಡ, ಬಲ ಅಂತ ಬರೆದು ಎತ್ತಿಟ್ಟಿದ್ದೇನೆ.

ಸ್ಟಿಯರಿಂಗು ಮೋಟೋ-ಲಿಟಾ ಕಂಪನಿಯದ್ದು, ಮರದ ಸುತ್ತು. ಹಳೆಯದು ಅಟ್ಟದ ಮೇಲಿದೆ. ಟಾಪಿಗೆ ರೆಕ್ಸಿನ್ ಬದಲು ದಪ್ಪ ಬಟ್ಟೆ ಹಾಕಿಸಿದೆ. ಗೇರ್ ನಾಬ್ ಮಾತ್ರ ಚನ್ನಪಟ್ಟಣದ್ದು. ರಜಕ್ಕೆ ಬಂದಾಗ ಗೊಂಬೆ ಮಾಡುವವರೊಬ್ಬರ ಹತ್ತಿರ ಹೋಗಿ ಅಳತೆ ಕೊಟ್ಟೆ. ಪೇಂಟಿನ ಒಂದು ಚೂರು ತೋರಿಸಿದೆ. "ಬಿಸಿಲಲ್ಲಿ ನಿಲ್ಲಿಸ್ತೀರಾ ಮೇಡಂ? ಅರಗು ಜಾಸ್ತಿ ಕಾವು ತಡೆಯಲ್ಲ" ಅಂದರು. ಇಂಗ್ಲೆಂಡಿನ ಬಿಸಿಲು ಅಂದ ಮೇಲೆ ಒಪ್ಪಿದರು. ಹಾಲೆಮರ ತಿರುಗಿಸಿ, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟರು. ಒಳಗೆ ಹಿತ್ತಾಳೆ ಬುಷ್ ಇಲ್ಲಿ ಕೂರಿಸಿಕೊಂಡೆ. ಕಾರಿನ ಬಣ್ಣಕ್ಕೆ ಎಷ್ಟು ಸರಿಯಾಗಿ ಹೊಂದಿತು ಅಂದರೆ, ಜೊತೆಗೇ ಬಂದಿದ್ದಾ ಅಂತ ಜನ ಕೇಳುತ್ತಾರೆ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದರು. ಬಂದ ಮರುದಿನವೇ ಟ್ಯಾಪೆಟ್ಟಿಗೆ ಕೈ ಹಾಕಿದರು. ಇಂಜಿನ್ನಿನ ಮೇಲಿನ ಎರಡು ನಟ್ ಬಿಚ್ಚಿ ಕವರ್ ತೆಗೆದರು. ಎಂಟು ವಾಲ್ವು ಸಾಲಾಗಿ. "ಒಂಬತ್ತರ ಲೆಕ್ಕ ನೆನಪಿದೆಯಾ?" ಅಂದರು. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಅಡ್ಜಸ್ಟ್ ಮಾಡಬೇಕು. ಆರನೆಯದು ತೆರೆದಾಗ ಮೂರನೆಯದು. ಕೂಡಿದರೆ ಯಾವಾಗಲೂ ಒಂಬತ್ತು. ನಾನು ಕಾರನ್ನು ಗೇರಿನಲ್ಲಿಟ್ಟು ಮುಂದಕ್ಕೆ ತಳ್ಳಿ ಇಂಜಿನ್ ತಿರುಗಿಸಿದೆ, ಅಪ್ಪ ನಂಬರು ಕೂಗಿದರು. ಸಂದು ಅಳೆಯುವ ಫೀಲರ್ ಗೇಜಿನ ಹದಿನೈದು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಎಲೆ ಸಂದಿನಲ್ಲಿ ಸ್ವಲ್ಪ ಬಿಗಿಯಾಗಿ ಜಾರಬೇಕು. ನಾಲ್ಕು ಅವರು ಮಾಡಿದರು, ನಾಲ್ಕು ನನ್ನ ಕೈಲಿ ಮಾಡಿಸಿದರು. ಸ್ಟಾರ್ಟ್ ಮಾಡಿದಾಗ ಆ ಟಕಟಕ ಹೋಗಿತ್ತು. ಸಂಜೆ ಅವರೇ ಓಡಿಸಿದರು. ಪ್ಯಾಂಗ್‌ಬೋರ್ನ್‌ವರೆಗೂ ಹೋಗಿ ಬಂದೆವು, ಮಾತೇ ಇಲ್ಲ, ಮುಖದ ತುಂಬ ನಗು.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಹೊಂದುವುದಿಲ್ಲ. ರೇಡಿಯೋ ಹಾಕಿಸು ಅಂತಾರೆ ಅಪ್ಪ. ಟಾಪು ಇಳಿಸಿದ ಮೇಲೆ ಹಾಡು ಕೇಳಿಸುವುದಿಲ್ಲ, ಕೇಳಬೇಕಾದ್ದು ಇಂಜಿನ್ನು ಅಂತೀನಿ ನಾನು. ಈ ಚಳಿಗಾಲಕ್ಕೆ ಕಿಂಗ್ ಪಿನ್ ಅಂದರೆ ಮುಂಚಕ್ರಗಳು ಎಡಬಲ ತಿರುಗುವ ಗೂಟದ ಕೆಲಸ ಇದೆ, ಸ್ಟಿಯರಿಂಗ್ ಸ್ವಲ್ಪ ಗಡುಸಾಗಿದೆ. ಅಪ್ಪನ ಮೆಸೇಜು ಆಗಲೇ ಬಂದಿದೆ: "ಬಿಚ್ಚಬೇಡ. ಮೊದಲು ಜಾಕ್ ಹಾಕಿ ಚಕ್ರ ಎತ್ತಿ ಗ್ರೀಸ್ ಹೊಡಿ. ಭಾರ ಇದ್ದರೆ ಗ್ರೀಸ್ ಒಳಗೆ ಹೋಗಲ್ಲ. ಆಮೇಲೆ ಫೋನ್ ಮಾಡು."