ಕರೆಂಟ್ ಎಷ್ಟೊತ್ತಿಗೆ ಬಂದಿತ್ತು?

ನನ್ನ ಕೆಲಸ ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವುದು. ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಹೊಲಗಳಲ್ಲಿ ರೆಸಿಸ್ಟಿವಿಟಿ ಮೀಟರ್ ಹೊತ್ತುಕೊಂಡು ಓಡಾಡುತ್ತೇನೆ. ನಾಲ್ಕು ಗೂಟ ಹೊಡೆದು, ನೆಲಕ್ಕೆ ಕರೆಂಟ್ ಬಿಟ್ಟು, ಕೆಳಗೆ ಕಲ್ಲು ಎಲ್ಲಿ ಬಿರುಕು ಬಿಟ್ಟಿರಬಹುದು ಎಂದು ಅಂದಾಜು ಮಾಡುವುದು. ನನಗಿಂತ ಮೊದಲು ತೆಂಗಿನಕಾಯಿ ಹಿಡಿದು ನೀರು ನೋಡುವವರೊಬ್ಬರು ಬಂದು ಹೋಗಿರುತ್ತಾರೆ. ಇಬ್ಬರ ಪಾಯಿಂಟೂ ಒಂದೇ ಕಡೆ ಬಿದ್ದರೆ ರೈತರಿಗೆ ಧೈರ್ಯ, ನನಗೆ ಒಂಚೂರು ಮುಜುಗರ.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಡಂಬಳದ ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು.

“ಸಾಹೇಬ್ರ, ನಮ್ಮ ಬೋರಿನ್ಯಾಗ ಬಿಸಿನೀರ ಬರಾಕತ್ತಾವ್ರೀ. ಊರ ಮಂದಿ ಎಲ್ಲಾ ನೋಡಾಕ ಬರಾಕತ್ತಾರ.”

ಬೇರೆ ವರ್ಷವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಅದೇ ಜನವರಿಯಲ್ಲಿ ಮನೆಯವರನ್ನು ಕರೆದುಕೊಂಡು ರಾಜಾಪುರಕ್ಕೆ ಹೋಗಿ ಬಂದಿದ್ದೆ. ರತ್ನಾಗಿರಿ ಜಿಲ್ಲೆಯ ರಾಜಾಪುರ. ಊರಿನ ಪಕ್ಕದ ಉನ್ಹಾಳೆಯಲ್ಲಿ ಬಿಸಿನೀರಿನ ಬುಗ್ಗೆ ಇದೆ. ಮಂದಿ ಸ್ನಾನ ಮಾಡಿ, ಕೈಕಾಲು ಉಜ್ಜಿಕೊಂಡು, ಹಾಯಾಗಿ ಕೂತಿರುತ್ತಾರೆ. ನಾನು ಮಾತ್ರ ಥರ್ಮಾಮೀಟರ್ ಹಿಡಿದು ಕೂತಿದ್ದೆ. 42 ಡಿಗ್ರಿ. ಬೆಳಿಗ್ಗೆ ನೋಡಿದರೂ ಅಷ್ಟೇ, ಸಂಜೆ ಬಂದು ನೋಡಿದರೂ ಅಷ್ಟೇ. ಹೆಂಡತಿಗೆ ಸಾಕಾಗಿ ಹೋಗಿತ್ತು. “ರಜಾದಾಗನೂ ನೀರಿನ ಕೆಲಸಾನಾ?” ಎಂದಳು.

ಅಲ್ಲಿ ಒಬ್ಬರು ಕೆಳಗೆ ಜ್ವಾಲಾಮುಖಿ ಇದೆ ಎಂದರು. ಇನ್ನೊಬ್ಬರು, ಗಂಧಕ ಇದೆಯಲ್ಲ, ಅದಕ್ಕೇ ನೀರು ಕಾಯುತ್ತದೆ ಎಂದರು. ಎರಡೂ ಅಲ್ಲ. ಕೊಂಕಣದ ಕರಿಕಲ್ಲು ಒಂದು ಕಾಲಕ್ಕೆ ಲಾವಾ ಆಗಿತ್ತು ನಿಜ. ಆದರೆ ಅದು ಸುಮಾರು 6.6 ಕೋಟಿ ವರ್ಷದ ಹಿಂದಿನ ಮಾತು, ಆ ಒಲೆ ಆರಿ ಯಾವುದೋ ಕಾಲವಾಯಿತು. ಗಂಧಕದ ವಾಸನೆ ಇದ್ದರೆ ಅದು ನೀರು ಆಳದಿಂದ ತಂದದ್ದು, ನೀರನ್ನು ಕಾಯಿಸಿದ್ದಲ್ಲ.

ಇರುವ ವಿಷಯ ಇನ್ನೂ ಸರಳ. ಭೂಮಿಯಲ್ಲಿ ಕೆಳಗಿಳಿದಷ್ಟೂ ಬಿಸಿ ಜಾಸ್ತಿ. ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ಸಹ್ಯಾದ್ರಿ ಮೇಲೆ ಸುರಿದ ಮಳೆ ಬಿರುಕು ಹಿಡಿದು ಆಳಕ್ಕೆ ಇಳಿಯುತ್ತದೆ, ಕಾಯುತ್ತದೆ, ಇನ್ನೊಂದು ದೊಡ್ಡ ಬಿರುಕು ಸಿಕ್ಕರೆ ಮೇಲೆ ನುಗ್ಗುತ್ತದೆ. ಮೇಲೆ ಬರುವುದು ಬೇಗ ಆಗಬೇಕು, ಅದೇ ಮುಖ್ಯ. ನಿಧಾನವಾಗಿ ಬಂದರೆ ದಾರಿಯಲ್ಲಿನ ಕಲ್ಲು ಬಿಸಿಯನ್ನೆಲ್ಲ ಹೀರಿಕೊಂಡು ತಣ್ಣೀರು ಮಾಡಿ ಕಳಿಸುತ್ತದೆ. ಪಶ್ಚಿಮ ಕರಾವಳಿ ಉದ್ದಕ್ಕೂ ಅಂಥ ಬಿರುಕುಗಳಿವೆ. ಅದಕ್ಕೇ ಪಾಲ್ಘರ್ ಕಡೆಯಿಂದ ರಾಜಾಪುರದವರೆಗೆ 300 ಕಿಲೋಮೀಟರಿಗೂ ಜಾಸ್ತಿ ಉದ್ದದಲ್ಲಿ ಬುಗ್ಗೆಗಳು ಸಾಲಾಗಿ ಸಿಗುತ್ತವೆ. ಕರಿಕಲ್ಲೇ ಬೇಕು ಅಂತಲೂ ಇಲ್ಲ. ನಮ್ಮ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆ. ಅಲ್ಲಿ ಲಾವಾದ ಕಲ್ಲಿನ ಸುಳಿವೇ ಇಲ್ಲ, ಆದರೂ ನೀರು ಬೆಚ್ಚಗೆ ಬರುತ್ತದೆ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡೇ ಡಂಬಳದ ಕಡೆ ಬೈಕ್ ಹತ್ತಿದೆ. ಗದಗ ಜಿಲ್ಲೆಯಲ್ಲೊಂದು ಬಿಸಿನೀರಿನ ಬುಗ್ಗೆ, ಕಂಡುಹಿಡಿದವನು ನಾನು! ದಾರಿಯಲ್ಲೇ ರಿಪೋರ್ಟಿನ ಮೊದಲ ಸಾಲು ರೆಡಿಯಾಗಿತ್ತು.

ಹೊಲ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಬೋರಿನ ಕೇಸಿಂಗ್‌ಗೆ ಅರಿಷಿಣ ಕುಂಕುಮ ಹಚ್ಚಿ ಊದಿನಕಡ್ಡಿ ಸಿಕ್ಕಿಸಿದ್ದರು. ಮೋಟರು ಓಡುತ್ತಿತ್ತು. ಅಲ್ಲಿಂದ ಅರವತ್ತು ಅಡಿ ಕರಿ ಪೈಪು ಬಿಸಿಲಲ್ಲಿ ಮಲಗಿ, ತೊಟ್ಟಿಗೆ ನೀರು ಬಿಡುತ್ತಿತ್ತು. ತೊಟ್ಟಿ ದಂಡೆಯಲ್ಲಿ ಮನೆಯ ಅಜ್ಜಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಪೈಪಿನ ತುದಿಗೆ ಥರ್ಮಾಮೀಟರ್ ಹಿಡಿದೆ. 41 ಡಿಗ್ರಿ. ಕೈ ನಡುಗಿತು ಅಂದರೆ ನಂಬಿ.

ಸ್ಯಾಂಪಲ್ ತುಂಬಿಕೊಂಡು ಲ್ಯಾಬಿಗೆ ಕೊಟ್ಟೆ. ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿಗೆ ಬೇರೆ ಮೂಲ ಇಲ್ಲದಿದ್ದರೂ 1.5ಕ್ಕಿಂತ ಮೇಲೆ ಇರಬಾರದು. ಬಿಸಿನೀರಿನ ಬುಗ್ಗೆಗಳಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಮಾಮೂಲು. ನೋಡಿ, ಇದೂ ಹೊಂದಿತು ಎಂದುಕೊಂಡೆ. ಅದೇ ರಾತ್ರಿ ಮೂರು ಪುಟ ಬರೆದು ನಮ್ಮ ಹಿರಿಯರಿಗೆ ಕಳಿಸಿದೆ. ನಲವತ್ತು ವರ್ಷ ಅಂತರ್ಜಲದ ಕೆಲಸ ಮಾಡಿ ನಿವೃತ್ತರಾದವರು. ಈಗಲೂ ನಮ್ಮಂಥವರ ಕಾಗದ ನೋಡಿಕೊಡುತ್ತಾರೆ, ಚಹಾದ ಮೇಲೆ.

ಮರುದಿನ ಅವರ ಫೋನ್. ಹೊಗಳಿಕೆ ಇಲ್ಲ, ಬೈಗುಳವೂ ಇಲ್ಲ.

“ಅವತ್ತ ಕರೆಂಟ್ ಎಷ್ಟೊತ್ತಿಗೆ ಬಂದಿತ್ತಪಾ?”

ನನ್ನಲ್ಲಿ ಉತ್ತರ ಇರಲಿಲ್ಲ.

“ಬಾಜೂ ಹೊಲದ ಬೋರಿನ ಫ್ಲೋರೈಡ್ ಎಷ್ಟೈತಿ?”

ಅದೂ ಇಲ್ಲ.

“ಬೋರ್ ಎಷ್ಟ ಅಡಿ?”

ಇದೊಂದು ಗೊತ್ತಿತ್ತು. “520, ಸರ್.”

“ಹಂಗಾರ ಲೆಕ್ಕ ಹಾಕ್ಕೊಂಡ ಕುಂದ್ರು” ಎಂದು ಫೋನ್ ಇಟ್ಟರು.

ಲೆಕ್ಕ ಹಾಕಿದೆ. ಹಾಕುತ್ತಾ ಹಾಕುತ್ತಾ ಕಿವಿ ಬೆಚ್ಚಗಾಯಿತು. ನಾವು ನಿಂತಿರುವುದು ಕೊಂಕಣದ ಮೇಲಲ್ಲ. ಇಲ್ಲಿಯ ಕಲ್ಲಿಗೆ 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡದ ಹೆಸರನ್ನೇ ಇಟ್ಟ. 250 ಕೋಟಿ ವರ್ಷಕ್ಕಿಂತ ಹಳೆಯ ನೆಲ, ದಪ್ಪ, ತಣ್ಣಗಿನ ನೆಲ. ಎಷ್ಟು ತಣ್ಣಗೆ ಎಂದು ತಿಳಿಯಲು ಕೋಲಾರದ ಚಿನ್ನದ ಗಣಿ ನೋಡಿದರೆ ಸಾಕು. ಅಲ್ಲಿ 3 ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಹೋದಾಗ ಬಂಡೆ 65 ಡಿಗ್ರಿ ಆಸುಪಾಸು ಇತ್ತು. ಅಂದರೆ ಕಿಲೋಮೀಟರಿಗೆ ಹನ್ನೆರಡು ಹದಿಮೂರು ಡಿಗ್ರಿ ಏರಿಕೆ, ಅಷ್ಟೇ. 520 ಅಡಿ ಎಂದರೆ 160 ಮೀಟರ್ ಕೂಡ ಇಲ್ಲ. ಆ ಆಳದಲ್ಲಿ ಸಿಗುವುದು ಎರಡು ಡಿಗ್ರಿ. ನಮ್ಮ ಕಡೆ ಬಾವಿ ನೀರು 26, 27 ಇರುತ್ತದೆ. ಎರಡು ಸೇರಿಸಿದರೆ 29. ನಾನು ಬರೆದಿದ್ದು 41! ಮಿಕ್ಕ ಹನ್ನೆರಡು ಡಿಗ್ರಿ ಎಲ್ಲಿಂದ ಬಂತು?

ಆಳದ ಬಿರುಕಿನಿಂದ ಬಂದಿರಬಹುದಲ್ಲ ಎಂದು ಮನಸ್ಸು ಇನ್ನೂ ಹಟ ಮಾಡುತ್ತಿತ್ತು. ಅದಕ್ಕೇ ಎರಡನೇ ಸಲ ಬೆಳಿಗ್ಗೆ ಐದೂವರೆಗೆ ಹೊಲದಲ್ಲಿದ್ದೆ. ಪೈಪಿನ ತುದಿ ಬೇಡ ಎಂದು ಬೋರಿನ ಬಾಯಲ್ಲೇ ಬೆಂಡ್ ಬಿಚ್ಚಿಸಿದೆ. ಆರಕ್ಕೆ ತ್ರೀ ಫೇಸ್ ಬಂತು. ಆಟೋ ಸ್ಟಾರ್ಟರ್ ಟಕ್ ಎಂದಿತು. ಮೊದಲು ಬಂದ ನೀರು 28.5. ಏಳು ಗಂಟೆಗೆ 33. ಎಂಟಕ್ಕೆ 36. ಒಂಬತ್ತರ ಹೊತ್ತಿಗೆ 38 ದಾಟಿ ಅಲ್ಲೇ ನಿಂತಿತು.

ರಾಜಾಪುರದ ನೀರು ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಒಂದೇ ಇತ್ತು ಅಂತ ಹೇಳಿದೆನಲ್ಲ. ಕೆಳಗೆ ನಿಜಕ್ಕೂ ಬಿಸಿನೀರಿದ್ದರೆ ಇಲ್ಲೂ ಪಂಪ್ ಶುರುವಾದ ಹತ್ತು ಹದಿನೈದು ನಿಮಿಷದಲ್ಲಿ ಅದು ಮೇಲೆ ಬಂದು, ಆಮೇಲೆ ಒಂದೇ ಸಮ ಇರಬೇಕಿತ್ತು. ಇದು ಮೂರು ತಾಸು ಏರುತ್ತಲೇ ಹೋಯಿತು. ಒಲೆ ಮೇಲಿಟ್ಟ ಹಂಡೆ ಥರ.

ಒಲೆ ಯಾವುದು? ಕೇಸಿಂಗ್ ಬಾಯಿಗೆ ಕಿವಿ ಇಟ್ಟೆ. ಒಳಗೆ ನೀರು ಸುರಿಯುವ ಸದ್ದು. ಮಳೆಗಾಲದ ಹಂಚಿನ ಸೋರಿಕೆಯಂಥ ಸದ್ದು. ಎಲ್ಲೋ ಪೈಪ್ ಒಡೆದಿದೆ. ಬೋರಿನೊಳಗೆ ನೀರಲ್ಲೇ ಮುಳುಗಿರುವ ಮೋಟರು ಎತ್ತಿದ ನೀರಿನಲ್ಲಿ ಮುಕ್ಕಾಲು ಪಾಲು ವಾಪಸ್ ಬೋರಿಗೇ ಬೀಳುತ್ತಿದೆ. ಅದನ್ನೇ ಮತ್ತೆ ಎತ್ತುತ್ತಿದೆ. ಅದೇ ನೀರು ಮೋಟರಿನ ಮೈ ಸವರಿ ಮತ್ತೆ ಮತ್ತೆ ಕಾಯುತ್ತಿದೆ.

18 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದೆ. ತುಂಬಲು ಮೂರು ನಿಮಿಷ. ಅಂದರೆ ಸೆಕೆಂಡಿಗೆ ಬರೀ 100 ಮಿಲಿಲೀಟರ್. 5 ಎಚ್‌ಪಿ ಮೋಟರು ಸುಮಾರು 5 ಕಿಲೋವ್ಯಾಟ್ ಎಳೆಯುತ್ತದೆ. ಅಷ್ಟು ಕರೆಂಟು ಇಷ್ಟು ಚೂರು ನೀರಿಗೆ ಬಿದ್ದರೆ ನೀರು ಹನ್ನೆರಡು ಡಿಗ್ರಿ ತನಕ ಏರುತ್ತದೆ. ಒಂದಿಷ್ಟು ಬಿಸಿ ಸುತ್ತಲಿನ ಕಲ್ಲಿಗೆ ಹೋಗಿರುತ್ತದೆ. ಲೆಕ್ಕ ಕೂಡಿತು. ಮೊದಲ ದಿನದ 41ರಲ್ಲಿ ಉಳಿದ ಎರಡು ಮೂರು ಡಿಗ್ರಿ ಮೇ ತಿಂಗಳ ಬಿಸಿಲು ಮತ್ತು ಕರಿ ಪೈಪಿನ ಪಾಲು.

ಅದೇ ಬೆಳಿಗ್ಗೆ ಬಾಜೂ ಹೊಲದ ಬೋರಿನ ನೀರನ್ನೂ ತುಂಬಿಸಿಕೊಂಡೆ. ಅದರಲ್ಲೂ ಫ್ಲೋರೈಡ್ ಅಷ್ಟೇ ಇತ್ತು. ಮುಂಡರಗಿ ಕಡೆ ಫ್ಲೋರೈಡ್ ಇರುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಕೆಲಸ ಶುರು ಮಾಡಿದ ದಿನದಿಂದ ನೋಡುತ್ತಿದ್ದೇನೆ. ಆ ರಾತ್ರಿ ಮಾತ್ರ ಅದು ಮರೆತುಹೋಗಿತ್ತು.

ರೈತರನ್ನು ಕೇಳಿದೆ, ನೀರು ಮೊದಲಿಂದಲೂ ಇಷ್ಟೇ ಬರುತ್ತಿತ್ತಾ ಎಂದು. “ಇಲ್ರೀ, ಮೊದಲ ಎರಡ ಇಂಚ್ ಇತ್ತು. ಯುಗಾದಿ ಆದಮ್ಯಾಲ ಕಡಿಮಿ ಆತು. ಬೋರ್ ಬತ್ತಾಕತ್ತೈತಿ ಅನ್ಕೊಂಡಿದ್ವಿ.” ಮೊದಲ ದಿನವೇ ಕೇಳಿದ್ದರೆ ಅವರು ಅವತ್ತೇ ಹೇಳುತ್ತಿದ್ದರು. ನಾನು ಕೇಳಿದ್ದು ಒಂದೇ ಪ್ರಶ್ನೆ, “ಎಷ್ಟು ದಿನದಿಂದ ಬಿಸಿ ಬರುತ್ತಿದೆ?” ಬಿಸಿನೀರು ಬಿಟ್ಟು ಬೇರೆ ಏನನ್ನೂ ಕೇಳಲಿಲ್ಲ.

ಮೂರು ಕಾಲಿನ ಸ್ಟ್ಯಾಂಡ್ ತರಿಸಿ ಪೈಪ್ ಎತ್ತಿಸಿದರು. ಮೇಲಿಂದ ಏಳನೇ ಪೈಪು, ಕಪ್ಲಿಂಗ್ ಪಕ್ಕದಲ್ಲೇ ತುಕ್ಕು ತಿಂದು ಹೆಬ್ಬೆರಳು ಹೋಗುವಷ್ಟು ತೂತು. ಇನ್ನೊಂದು ತಿಂಗಳು ಹೀಗೇ ಓಡಿದ್ದರೆ ಮೋಟರಿನ ವೈಂಡಿಂಗ್ ಸುಡುತ್ತಿತ್ತು. ಹೊಸ ಪೈಪ್ ಹಾಕಿದ ಸಂಜೆ ಮತ್ತೆ ಎರಡು ಇಂಚು ನೀರು, 28 ಡಿಗ್ರಿ.

ರೈತರಿಗೆ ಖುಷಿಯಾಯಿತು. ರಿಪೋರ್ಟ್ ವಾಪಸ್ ತೆಗೆದುಕೊಂಡೆ. ಅದು ಇನ್ನೂ ನನ್ನ ಕಪಾಟಿನಲ್ಲಿದೆ, ಮೊದಲ ಸಾಲು ಈಗ ಓದಿದರೆ ನನಗೇ ನಗು. ಫೀಲ್ಡ್ ಫಾರ್ಮಿನಲ್ಲಿ ನೀರಿನ ಶಾಖಕ್ಕೆ ಒಂದು ಕಾಲಂ ಇದೆ. ಅದರ ಪಕ್ಕದ ಖಾಲಿ ಜಾಗದಲ್ಲಿ ಈಗ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ: ಕರೆಂಟ್ ಬಂದ ಸಮಯ, ಅಳತೆ ಮಾಡಿದ ಜಾಗ, ಬಾಜೂ ಬೋರ್.

ಅಜ್ಜಿಗೆ ಮಾತ್ರ ಸಮಾಧಾನ ಇಲ್ಲ. ಹೊರಡುವಾಗ ತೊಟ್ಟಿಯಿಂದ ಕಾಲು ಮೇಲೆ ಎಳೆದುಕೊಂಡು ಹೇಳಿದರು: “ಮೊಣಕಾಲಿಗೆ ಛಲೋ ಇತ್ತಪಾ. ನೀ ಬಂದ ತಣ್ಣೀರ ಮಾಡಿ ಹೊಂಟಿ.”