ರೊಟ್ಟಿ ಮರೆಯದ ಕೈ

"ತಮ್ಮಾ, ನಾನು ಚಹಾ ಕುಡಿದೆನೇ?" ಅವ್ವ ಮೂರನೆಯ ಸಲ ಕೇಳಿದಳು. ಖಾಲಿ ಬಟ್ಟಲು ಎದುರಿಗೇ ಇತ್ತು. ಆದರೆ ಮದುವೆಯಾದ ವರ್ಷ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಇಟ್ಟುಕೊಂಡ ಹಸಿರು ಬಳೆಗಳ ಲೆಕ್ಕ ತಪ್ಪುವುದಿಲ್ಲ!

ಹೊಸ ನೆನಪು ಗಟ್ಟಿಯಾಗಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕು. ಎರಡೂ ಬದಿಗೆ ಒಂದೊಂದು, ಕಡಲಕುದುರೆಯ ಆಕಾರ; ಹೆಸರೂ ಅದರಿಂದಲೇ ಬಂದದ್ದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್‌ಗೆ ಮೂರ್ಛೆರೋಗ ನಿಲ್ಲಲೆಂದು ಎರಡೂ ಬದಿಯಲ್ಲಿ ಅದರ ದೊಡ್ಡ ಭಾಗವನ್ನು ತೆಗೆದರು. ಆಮೇಲೆ ಹೊಸಬರ ಪರಿಚಯವೇ ಅವನಲ್ಲಿ ಉಳಿಯಲಿಲ್ಲ. ಆದರೂ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರ ಬಿಡಿಸುವುದನ್ನು ಅವನ ಕೈ ದಿನದಿಂದ ದಿನಕ್ಕೆ ಕಲಿಯಿತು. ಕಲಿತದ್ದು ಮಾತ್ರ ಅವನಿಗೆ ನೆನಪಿರಲಿಲ್ಲ.

ನಾದಿದ ಜೋಳದ ಹಿಟ್ಟನ್ನು ಮುಂದಿಟ್ಟರೆ ಸಾಕು, ಅವ್ವ ಅಂಚು ಸೀಳದಂತೆ ತಿರುಗಿಸುತ್ತಾ ಬಡಿಯುತ್ತಾಳೆ, ಹಂಚಿಗೆ ಹಾಕಿ ನೀರು ಸವರುತ್ತಾಳೆ. ಬುಟ್ಟಿ ತುಂಬಿದ ಮೇಲೆ ಕೇಳುತ್ತಾಳೆ: "ರೊಟ್ಟಿ ಚೆನ್ನಾಗಿವೆ, ಯಾರು ಬಡಿದರು?"