ಉಪಸಂಹಾರಕ್ಕೆ ಗೆರೆ ಎಳೆದ ಶನಿವಾರ

ದಾವಣಗೆರೆ
22 ನವೆಂಬರ್ 2025, ಶನಿವಾರ

ಬೆಳಗಿನ ಶಾಲೆ. ಹತ್ತನೇ ತರಗತಿಗೆ ಎರಡು ಪಿರಿಯಡ್ ಜೋಡಿಸಿ 80 ನಿಮಿಷ. ಕಥೆ ಬರೆಸೋದಕ್ಕೆ 40 ನಿಮಿಷ ಏನೇನೂ ಸಾಲದು. ಹಾಜರಿ ಮುಗಿದು ಪೆನ್ನು ಓಡೋಕೆ ಶುರುವಾಗುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮಕ್ಕಳು 46. ತಲಾ ಒಂದು 200 ಪುಟದ ನೋಟ್‌ಬುಕ್, ಬರೆಯೋದು ಬಲಗಡೆ ಪುಟದಲ್ಲಿ ಮಾತ್ರ. ಎಡಗಡೆಯದು ತಿದ್ದಿ ಬರೆಯೋದಕ್ಕೆ ಖಾಲಿ. ಮೊದಲ ಬರಹ ತರಗತಿಯಲ್ಲೇ ಆಗಬೇಕು. ಮನೆಗೆ ಕೊಟ್ಟರೆ ಗೈಡ್‌ನ ಪ್ರಬಂಧ ಅಕ್ಷರ ಬದಲಾಗದೆ ವಾಪಸ್ ಬರುತ್ತದೆ.

ಮೊದಲ 10 ನಿಮಿಷ ಬರೀ ಪಟ್ಟಿ: ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಂಡ 12 ವಸ್ತು. ಮೊದಲ ಸುತ್ತಿನಲ್ಲಿ ಬಂದದ್ದು "ಮರಗಳು, ವಾಹನಗಳು, ಅಂಗಡಿಗಳು". ಬಹುವಚನ ಬಂದ ಕಡೆಯೆಲ್ಲ ಒಂದೇ ಪ್ರಶ್ನೆ: ಯಾವುದು? ಮರ ಅಂದರೆ ಬೇವೋ ಹೊಂಗೆಯೋ? ಎರಡನೇ ಸುತ್ತಿಗೆ ಮೆಕ್ಕೆಜೋಳದ ಮೇಲೆ ಹೊದಿಸಿದ ತಾಡಪಾಲು ಬಂತು, ಅದು ಹಾರದ ಹಾಗೆ ಇಟ್ಟ ಕಲ್ಲು ಬಂತು, ಮಂಡಕ್ಕಿ ಚೀಲ ಹೇರಿಕೊಂಡ ಲಗೇಜ್ ಆಟೋ ಬಂತು. ಈ ತಿಂಗಳು ಊರ ಸುತ್ತಲಿನ ರಸ್ತೆಯಲ್ಲೆಲ್ಲ ಜೋಳ ಒಣಹಾಕಿರುತ್ತಾರೆ, ಕಣ್ಣಿಗೆ ಬೀಳದೆ ಇರೋದು ಕಷ್ಟ. ಆದರೂ ಪ್ರಬಂಧ ಅಂದಕೂಡಲೆ ಅದು ಕಾಣಿಸೋದಿಲ್ಲ, "ಹಚ್ಚ ಹಸಿರಿನ ರಮಣೀಯ ದೃಶ್ಯ" ಕಾಣಿಸುತ್ತದೆ.

ಆಮೇಲೆ 20 ನಿಮಿಷ ಬರವಣಿಗೆ. ಪಟ್ಟಿಯಿಂದ ಒಂದೇ ವಸ್ತು, ಅದರ ಹತ್ತಿರ ಒಬ್ಬ ಮನುಷ್ಯ, 10 ಸಾಲು. ಬೋರ್ಡಿನ ಮೇಲೆ ನಿಷೇಧಿತ ಪದ ಐದೇ: ಸುಂದರ, ರಮಣೀಯ, ಅದ್ಭುತ, ಆನಂದ, ಮನಮೋಹಕ. ಐದಕ್ಕಿಂತ ಹೆಚ್ಚು ಬರೆದರೆ ಮಕ್ಕಳು ಹೆದರಿ ಏನೂ ಬರೆಯೋದಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಹೀಗಿತ್ತು:

"ನಾನು ಬೆಳಿಗ್ಗೆ ಎದ್ದು, ಮುಖ ತೊಳೆದುಕೊಂಡು, ತಿಂಡಿ ತಿಂದು, ಬ್ಯಾಗ್ ಹಾಕಿಕೊಂಡು ಶಾಲೆಗೆ ಹೊರಟಾಗ ನನ್ನ ಅಜ್ಜಿಯವರು ರಸ್ತೆಯ ಮೇಲೆ ಮೆಕ್ಕೆಜೋಳವನ್ನು ಒಣಗಿಸುತ್ತಿದ್ದರು. ಹೀಗೆ ರೈತನು ದೇಶದ ಬೆನ್ನೆಲುಬಾಗಿದ್ದಾನೆ."

ಇದರಲ್ಲಿ ತಪ್ಪು ಅನ್ನುವಂಥದ್ದಿಲ್ಲ, ಪರೀಕ್ಷೆಗೆ ಅಂಕ ಸಿಗುತ್ತದೆ. ತೊಂದರೆ ಇರೋದು ಮೂರು ಕಡೆ. ಒಂದು, ಎದ್ದು-ತೊಳೆದು-ತಿಂದು ಸರಪಳಿ. ಕನ್ನಡದಲ್ಲಿ ಕೃದಂತ ಎಷ್ಟು ಬೇಕಾದರೂ ಪೋಣಿಸಬಹುದು, ಅದೇ ಅಪಾಯ. ನಾಲ್ಕನೆಯದು ಬರುವ ಹೊತ್ತಿಗೆ ಎಲ್ಲಾ ಕೆಲಸಕ್ಕೂ ಒಂದೇ ತೂಕ ಆಗಿಬಿಡುತ್ತದೆ, ಮುಖ ತೊಳೆದದ್ದೂ ಅಜ್ಜಿ ಕಂಡದ್ದೂ ಸಮ. ಒಂದು ವಾಕ್ಯಕ್ಕೆ ಎರಡೇ ಅಂತ ಮಿತಿ ಹಾಕಿದೆವು. ಎರಡು, ಸರ್ವನಾಮ. "ಹೊರಟೆ" ಅಂದರೆ "ನಾನು" ಅದರೊಳಗೇ ಕೂತಿದೆ. ಪುಟದಲ್ಲಿರುವ "ನಾನು, ನನ್ನ" ಎಲ್ಲಕ್ಕೂ ಪೆನ್ಸಿಲ್ ಸುತ್ತು ಹಾಕಿಸಿ, ತೆಗೆದರೂ ಅರ್ಥ ಕೆಡದ ಕಡೆ ಹೊಡೆಸಬೇಕು. ಮೂರು, "ಅಜ್ಜಿಯವರು ಒಣಗಿಸುತ್ತಿದ್ದರು". ಮನೆಯಲ್ಲಿ ಹೀಗನ್ನುತ್ತೀಯೇನಮ್ಮ ಅಂದರೆ ಹುಡುಗಿ ನಕ್ಕಳು, "ಇಲ್ಲ ಸಾರ್, ಅಜ್ಜಿ ಬಂತು, ಅಜ್ಜಿ ಹೋತು." ಹಾಗೇ ಬರಿ.

ಎಡಗಡೆ ಪುಟಕ್ಕೆ ಬಂದದ್ದು:

"ಅಜ್ಜಿ ಜೋಳದ ಮ್ಯಾಲೆ ಬರಿಗಾಲಲ್ಲಿ ನಡೀತಿತ್ತು. ಕಾಲಲ್ಲೇ ಸಾಲು ಬಿಡಿಸಿಕೊಂತ ಆ ತುದಿಗೆ ಹೋಗಿ ತಿರುಗಿತು. ಲಾರಿ ಹಾರ್ನ್ ಹೊಡೀತು. ಅಜ್ಜಿ ಸಾಲು ಮುಗಿಸೇ ಪಕ್ಕಕ್ಕೆ ಬಂತು."

ರೈತನ ಬೆನ್ನೆಲುಬು ಹೋಯಿತು. ಇವತ್ತಿನ ದೊಡ್ಡ ಕೆಲಸವೇ ಅದು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ವರ್ಷಗಟ್ಟಲೆ ಅಭ್ಯಾಸವಾದ ಕೈ, ಕಥೆಯಲ್ಲೂ ಕೊನೆಗೆ ಬಂದು ಕೈಮುಗಿಯುತ್ತದೆ. ನೀತಿ ಬರದಿದ್ದರೆ "ಎಚ್ಚರವಾಯಿತು, ಅದೆಲ್ಲಾ ಕನಸಾಗಿತ್ತು" ಬರುತ್ತದೆ. "ನೀತಿ ಬರೆಯಬೇಡಿ" ಅಂತ ಮೊದಲೇ ಹೇಳಿ ಪ್ರಯೋಜನವಿಲ್ಲ, ಬರೆದ ಮೇಲೆ ಕೊಯ್ಯಬೇಕು. ಕೊನೆಯ ಎರಡು ಸಾಲನ್ನು ಅಂಗೈಯಿಂದ ಮುಚ್ಚಿ ಪಕ್ಕದವರಿಗೆ ಓದಿ ಹೇಳೋದು. ಕೇಳಿದವರಿಗೆ ಕಥೆ ಮುಗಿದ ಹಾಗೆ ಅನ್ನಿಸಿದರೆ ಆ ಎರಡು ಸಾಲಿಗೆ ಗೆರೆ. "ಆಮೇಲೆ?" ಅಂದರೆ ಸಾಲು ಉಳಿಯಲಿ. ಇದಕ್ಕೆ 15 ನಿಮಿಷ ಹಿಡಿಯಿತು, ಗಲಾಟೆಯೂ ಆಯಿತು. ಆಗಲಿ. ಪರೀಕ್ಷೆಯ ಪ್ರಬಂಧಕ್ಕೆ ಉಪಸಂಹಾರ ಬೇಕೇ ಬೇಕು ಅನ್ನೋದನ್ನೂ ಬೋರ್ಡಿನ ಮೂಲೆಯಲ್ಲಿ ಬರೆದಿಡಬೇಕು. ಇಲ್ಲವಾದರೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಹೋಗಿ, ದೂರು ನಮ್ಮ ತಲೆಗೆ.

ಸಂಭಾಷಣೆಗೆ ಉಳಿದ ಹೊತ್ತು. "ನೀನು ಎಲ್ಲಿಗೆ ಹೋಗುತ್ತಿದ್ದೀಯಾ ಎಂದು ಕೇಳಿದನು" ಅಂತ ಬರೆದ ಹುಡುಗನೇ ಬೆಂಚಿನಾಚೆ ಗೆಳೆಯನಿಗೆ "ಎಲ್ಲಿಗ್ ಹೊಂಟ್ಯಲೇ" ಅನ್ನುತ್ತಾನೆ. ಆಡುಮಾತಿಗೆ ಬಿಟ್ಟರೆ ಇನ್ನೊಂದು ಅತಿರೇಕ: ಪ್ರತಿ ಅಕ್ಷರ ತಿರುಚಿ ಓದೋಕೇ ಬರದ ಹಾಗೆ ಮಾಡುತ್ತಾರೆ, ಒಂದು ಸಾಲಲ್ಲಿ "ಮ್ಯಾಲೆ", ಮುಂದಿನದರಲ್ಲಿ "ಮೇಲೆ". ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ತನ್ನದೇ ಕಾಗುಣಿತದ ಪಟ್ಟಿ ಇಟ್ಟುಕೊಂಡು ಕಥೆ ಮುಗಿಯುವವರೆಗೂ ಅದನ್ನೇ ಪಾಲಿಸಬೇಕು. "ಎಂದು ಹೇಳಿದನು" ಮೂರನೇ ಸಲ ಬಂದರೆ ಅದನ್ನು ತೆಗೆದು, ಮಾತಾಡಿದವನು ಆಗ ಕೈಯಲ್ಲಿ ಏನು ಮಾಡುತ್ತಿದ್ದ ಅಂತ ಬರೆಯೋದು.

ಕವಿತೆ ಬೇಕು ಅಂತ ನಾಲ್ಕೈದು ಜನ ಪಟ್ಟು ಹಿಡಿದರು. ಈಗಲೇ ಬೇಡ. ತಾಯಿ-ಬಾಯಿ ಪ್ರಾಸಕ್ಕೆ ಬಿದ್ದರೆ ಎದ್ದು ಬರೋದು ಕಷ್ಟ. ಹಳಗನ್ನಡದ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿತ್ತು, ಕೊನೆಯಲ್ಲಲ್ಲ ಅಂದರೆ ಅವರಿಗೇ ಆಶ್ಚರ್ಯ. ಅದರ ಬದಲು, ಪರೀಕ್ಷೆಗೆ ಕಲಿತ ಪ್ರಸ್ತಾರವನ್ನೇ, ಅಂದರೆ ಅಕ್ಷರಕ್ಕೆ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತು ಹಾಕೋದನ್ನೇ, ತಿರುಗಿಸಿ ಹಾಕಿದೆವು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 3+4+3+4, ಒಟ್ಟು 14 ಮಾತ್ರೆ. ಬೋರ್ಡಿಗೆ ಬರೆದ ಸಾಲು: "ಬಸ್ಸು ಹೊರಟಿತು ಬೇಗ ಹತ್ತಿರಿ". ಲಘು-ಗುರು ಹಾಕಿ ನೋಡಿ, ಸರಿಯಾಗಿ 14. ಕಂಡಕ್ಟರ್ ಕೂಗು, ಕುಮಾರವ್ಯಾಸ ಭಾರತ ಬರೆದ ಇದೇ ಷಟ್ಪದಿಯ ನಡಿಗೆಗೆ ಕೂತದ್ದಕ್ಕೆ ಹಿಂದಿನ ಬೆಂಚು ಪೂರ್ತಿ ಎದ್ದು ಕೂತಿತು. ತಪ್ಪೋದು ಒತ್ತಕ್ಷರದ ಹಿಂದೆ. ಅಲ್ಲಿ ಗುರು ಹಾಕೋದನ್ನು ಮರೆತು 13 ಅನ್ನುತ್ತಾರೆ.

ಗಟ್ಟಿಯಾಗಿ ಓದಿಸೋದಕ್ಕೆ ಒಂದು ನಿಯಮ: ಪುಟದ ಮೇಲ್ಮೂಲೆ ಮಡಚಿದ್ದರೆ ಅದನ್ನು ತರಗತಿಯಲ್ಲಿ ಓದಿಸುವಂತಿಲ್ಲ, ಯಾಕೆ ಅಂತ ಕೇಳುವಂತೆಯೂ ಇಲ್ಲ. ಮನೆ ಜಗಳ, ಸಾಲ, ಅಪ್ಪನ ಕುಡಿತ ಹತ್ತನೇ ತರಗತಿಯವರ ಬರಹದಲ್ಲಿ ಬಂದೇ ಬರುತ್ತದೆ. ಇವತ್ತು ಮಡಚಿದ ಪುಟ ಒಂಬತ್ತು.

ತಿದ್ದೋದು ವಾರಕ್ಕೆ 12 ನೋಟ್‌ಬುಕ್, ನಾಲ್ಕು ವಾರಕ್ಕೆ ಎಲ್ಲರದೂ ಒಂದು ಸುತ್ತು. 46ನ್ನೂ ಒಟ್ಟಿಗೆ ಹೊತ್ತು ತಂದರೆ ಬರೀ ಟಿಕ್ ಬೀಳುತ್ತದೆ. ಒಂದು ಬರಹಕ್ಕೆ ಒಂದೇ ಗುರುತು, ಪೆನ್ಸಿಲಿನಲ್ಲಿ, ಜೊತೆಗೆ ಚೆನ್ನಾಗಿ ಬಂದ ಒಂದು ಸಾಲಿನ ಕೆಳಗೆ ಗೆರೆ. ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಸದ್ಯಕ್ಕೆ ಕಾಣದ ಹಾಗಿರಬೇಕು. ಕೈ ತುರಿಸುತ್ತದೆ, ನಿಜ.

ಮುಂದಿನ ವಾರ ವಾಸನೆ. "ಘಮಘಮ" ಬಿಟ್ಟರೆ "ಕೆಟ್ಟ ವಾಸನೆ" ಅನ್ನುವಷ್ಟೇ ಇವರ ಹತ್ತಿರ ಇರೋದು. ಸೀದದ್ದು, ಕಮಟು, ಮುಗ್ಗಲು, ಹಸಿ, ಎಲ್ಲಾ ಅಡುಗೆಮನೆಯಲ್ಲೇ ಇವೆ. ಮನೆಗೆ ಕೊಟ್ಟ ಕೆಲಸ: ಮಂಡಕ್ಕಿ ಒಗ್ಗರಣೆ ಮಾಡುವಾಗ ಪಕ್ಕದಲ್ಲಿ ನಿಂತು, ಮಂಡಕ್ಕಿ ನೆನೆಸಿ ಹಿಂಡುವಾಗಿನ ಸದ್ದು ಒಂದು, ಸಾಸಿವೆ ಸಿಡಿದ ಮೇಲಿನ ವಾಸನೆ ಎರಡು, ಮಾಡುವವರು ಆಡಿದ ಮಾತು ನಾಲ್ಕು ಸಾಲು. "ಚಟಪಟ" ಬರೆದವರು ಇನ್ನೊಂದು ಸಲ ಕೇಳಿಸಿಕೊಂಡು ಬರಬೇಕು. ಮೊಬೈಲಲ್ಲಿ ರೆಕಾರ್ಡ್ ಮಾಡುವಂತಿಲ್ಲ. ಮಾಡಿದರೆ ಎಲ್ಲವನ್ನೂ ಇಳಿಸಿಕೊಂಡು ಬರುತ್ತಾರೆ, ಬೇಕಾಗಿರೋದು ನೆನಪಲ್ಲಿ ಉಳಿದ ನಾಲ್ಕು ಸಾಲು.